ಕೆಸು ಎಂಬ ಅಣ್ಣ: ಹವಾಯಿ ಮೂಲನಿವಾಸಿಗಳ ಅನ್ನದ ಕಥೆ



ಮಳೆ ಹಿಡಿಯಿತು ಅಂದರೆ ಮುಂಬೈಯ ಯಾವ ತರಕಾರಿ ಮಾರ್ಕೆಟ್ಟಿಗೆ ಹೋದರೂ ಒಂದು ಎಲೆಯ ಕಟ್ಟು ಕಣ್ಣಿಗೆ ಬಿದ್ದೇ ಬೀಳುತ್ತೆ. ಆನೆ ಕಿವಿಯ ಹಾಗೆ ಅಗಲ, ನೀರು ಬಿದ್ದರೆ ಅಂಟಿಕೊಳ್ಳದೆ ಮಣಿಯ ಹಾಗೆ ಉರುಳಿ ಹೋಗುತ್ತೆ. ಮರಾಠಿಯವರಿಗೆ ಅದು ಅಳೂ, ಅದರಲ್ಲಿ ಅಳೂವಡಿ ಮಾಡ್ತಾರೆ. ಗುಜರಾತಿಗಳಿಗೆ ಪಾತ್ರಾ. ನಮ್ಮ ಕರಾವಳಿಯವರು ಆ ಕಟ್ಟು ನೋಡಿದ ಕೂಡಲೇ ಮನಸ್ಸಿನಲ್ಲೇ ಅಕ್ಕಿ ನೆನೆಹಾಕಿಬಿಡ್ತಾರೆ, ಪತ್ರೊಡೆಗೆ. ಅದೇ ಗಿಡದ ಗೆಡ್ಡೆ ದೆಹಲಿಯಲ್ಲಿ ಅರ್ಬಿ, ಹೈದರಾಬಾದಿನಲ್ಲಿ ಚಾಮಗಡ್ಡ, ಚೆನ್ನೈಯಲ್ಲಿ ಸೇಪ್ಪಂಕಿಳಂಗು. ನೀವು ಇದನ್ನು ಯಾವ ಊರಿನಲ್ಲಿ ಕೂತು ನೋಡುತ್ತಿದ್ದರೂ ಗಿಡ ಒಂದೇ. ನಮ್ಮ ಕೆಸು.

ಕೆಸು ನಮಗೆ ಗೊತ್ತು. ಸರಿಯಾಗಿ ಬೇಯಿಸದಿದ್ದರೆ ಗಂಟಲು ತುರಿಸುತ್ತೆ ಅಂತ ಗೊತ್ತು. ಹುಣಸೆಹಣ್ಣು ಇಲ್ಲದೆ ಅದರ ತಂಟೆಗೆ ಹೋಗಬಾರದು ಅಂತಲೂ ಗೊತ್ತು. ಆದರೆ ನಮ್ಮ ಊಟದಲ್ಲಿ ಅದರ ಜಾಗ ಎಲ್ಲಿ? ಬಾಳೆಲೆಯ ಒಂದು ಮೂಲೆಯಲ್ಲಿ. ಒಂದಿಷ್ಟು ಪಲ್ಯ, ಒಂದಿಷ್ಟು ಗೊಜ್ಜು, ಆಷಾಢ ಶ್ರಾವಣದಲ್ಲಿ ಒಂದೆರಡು ದಿನ ಪತ್ರೊಡೆ. ಅನ್ನ, ಮುದ್ದೆ, ರೊಟ್ಟಿ ಕೂರುವ ಜಾಗಕ್ಕೆ ಅದನ್ನು ನಾವು ಯಾವತ್ತೂ ಕರೆದಿಲ್ಲ.

ಇವತ್ತು ನಾನು ಹೇಳುವುದು ಕೆಸುವನ್ನು ಆ ಜಾಗದಲ್ಲಿ ಕೂರಿಸಿದ ಒಂದು ನಾಡಿನ ಇತಿಹಾಸ. ಪೆಸಿಫಿಕ್ ಸಾಗರದ ನಡುವೆ ಇರುವ ಹವಾಯಿ ದ್ವೀಪಗಳು. ಅಲ್ಲಿನ ಮೂಲನಿವಾಸಿಗಳು ತಮ್ಮನ್ನು ಕನಕ ಮಾವೊಲಿ ಅಂತ ಕರೆದುಕೊಳ್ಳುತ್ತಾರೆ. ಕೆಸುವಿಗೆ ಅವರು ಹೇಳುವುದು ಕಲೋ. ಆ ಕಲೋ ಅವರಿಗೆ ಬರೀ ಊಟ ಅಲ್ಲ, ಒಡಹುಟ್ಟಿದ ಅಣ್ಣ. ಇದನ್ನು ಪ್ರೀತಿಗೆ ಹೇಳುವ ಮಾತು ಅಂದುಕೊಳ್ಳಬೇಡಿ. ಈ ಒಂದು ನಂಟಿನ ಮೇಲೆ ಭೂಮಿಯ ಜಗಳ, ನೀರಿನ ಜಗಳ, ಕೊನೆಗೆ ಒಂದು ಪೇಟೆಂಟಿನ ಜಗಳವೂ ನಡೆದಿದೆ.

ಮೊದಲು ಕಥೆ ಕೇಳಿ. ಆಕಾಶದ ತಂದೆ ವಾಕೇಯ. ಭೂಮಿತಾಯಿ ಪಾಪಾಹಾನೌಮೋಕು, ಅಂದರೆ ದ್ವೀಪಗಳನ್ನು ಹೆತ್ತವಳು. ಅವರ ಮಗಳು ಹೋಹೋಕೂಕಲಾನಿ, ಆಕಾಶದಲ್ಲಿ ನಕ್ಷತ್ರ ಇಟ್ಟವಳು. ಈ ಮಗಳಿಗೂ ವಾಕೇಯನಿಗೂ ಒಂದು ಮಗು ಹುಟ್ಟುತ್ತೆ. (ಹೌದು, ಅಪ್ಪ ಮತ್ತು ಮಗಳು. ಸೃಷ್ಟಿಯ ಕಥೆಗಳಲ್ಲಿ ಇಂಥದ್ದು ಬರುತ್ತೆ, ನಮ್ಮ ಪುರಾಣಗಳಲ್ಲೂ ಬರುತ್ತೆ. ಅಲ್ಲೇ ನಿಂತು ಮುಖ ಸಿಂಡರಿಸಿದರೆ ಮುಂದಿನದ್ದು ಕೇಳಿಸುವುದಿಲ್ಲ.) ಆ ಮಗು ಬದುಕುವುದಿಲ್ಲ. ಮನೆಯ ಪಕ್ಕದ ಮಣ್ಣಿನಲ್ಲಿ ಹೂಳುತ್ತಾರೆ. ಕೆಲವು ದಿನಕ್ಕೆ ಅದೇ ಜಾಗದಲ್ಲಿ ಒಂದು ಗಿಡ ಏಳುತ್ತೆ. ಉದ್ದ ದಂಟು, ಗಾಳಿಗೆ ನಡುಗುವ ಎಲೆ. ಅದಕ್ಕೆ ಹಾಲೋವನಕಲೌಕಪಲಿಲಿ ಅಂತ ಹೆಸರಿಡುತ್ತಾರೆ. ಆಮೇಲೆ ಎರಡನೆಯ ಮಗು ಹುಟ್ಟುತ್ತೆ. ಅದು ಮನುಷ್ಯ, ಬದುಕುತ್ತೆ. ಅಣ್ಣನ ನೆನಪಿಗೆ ಅವನಿಗೂ ಹಾಲೋವ ಅಂತಲೇ ಹೆಸರು. ಹವಾಯಿಯ ಜನರೆಲ್ಲ ಈ ಎರಡನೆಯ ಹಾಲೋವನ ಸಂತಾನ.

ಅಂದರೆ ಲೆಕ್ಕ ಹಾಕಿ. ಗಿಡ ಮೊದಲು ಹುಟ್ಟಿದ್ದು, ಮನುಷ್ಯ ಆಮೇಲೆ. ಗಿಡ ಅಣ್ಣ, ಮನುಷ್ಯ ತಮ್ಮ.

ಇಲ್ಲಿ ಒಂದು ಮಾತು. ನಾವು ಅನ್ನವನ್ನು ದೇವರು ಅಂತೀವಿ. ಅಗುಳು ಕೆಳಗೆ ಬಿದ್ದರೆ ಎತ್ತಿ ಕಣ್ಣಿಗೆ ಒತ್ತಿಕೊಂಡವರ ಮನೆಯಿಂದಲೇ ನಾವೆಲ್ಲ ಬಂದಿರುವುದು. ಆದರೆ ದೇವರಿಗೂ ಅಣ್ಣನಿಗೂ ವ್ಯತ್ಯಾಸ ಇದೆ. ದೇವರಿಗೆ ಕೈಮುಗಿದು ನಾವು ಮನೆಗೆ ಬರಬಹುದು. ಅಣ್ಣ ಆದರೆ ಹಾಗೆ ಎದ್ದು ಬರುವ ಹಾಗಿಲ್ಲ. ಅಲ್ಲಿ ಎರಡೂ ಕಡೆಯಿಂದ ನಡೆದುಕೊಳ್ಳುವ ರೀತಿ ಇರುತ್ತೆ. ಹವಾಯಿಯಲ್ಲಿ ಹಿರಿಯನ ಕೆಲಸ ಕಿರಿಯರಿಗೆ ಉಣ್ಣಿಸುವುದು, ಅವರನ್ನು ಕಾಯುವುದು. ಕಿರಿಯನ ಕೆಲಸ ಹಿರಿಯನನ್ನು ನೋಡಿಕೊಳ್ಳುವುದು. ಗದ್ದೆಗೆ ನೀರು ಬಿಡುವುದು, ಕಳೆ ಕೀಳುವುದು, ಮಣ್ಣು ತುಳಿದು ಹದ ಮಾಡುವುದು, ಇದೆಲ್ಲ ಅವರ ಲೆಕ್ಕದಲ್ಲಿ ಅಣ್ಣನ ಚಾಕರಿ.

ಭಾಷೆಯೊಳಗೂ ಇದು ಇಳಿದಿದೆ. ಕೆಸುವಿನ ತಾಯಿಗೆಡ್ಡೆಯ ಪಕ್ಕದಲ್ಲಿ ಮರಿಗೆಡ್ಡೆ ಒಡೆಯುತ್ತೆ ಅಲ್ವಾ, ಆ ಮರಿಗೆ ಹವಾಯಿ ಭಾಷೆಯಲ್ಲಿ ಓಹಾ ಅಂತಾರೆ. ಅದರಿಂದ ಬಂದ ಮಾತು ಓಹಾನ, ಅಂದರೆ ಕುಟುಂಬ. ಮಕ್ಕಳ ಸಿನಿಮಾ ನೋಡಿದವರಿಗೆ ಈ ಪದ ಕಿವಿಗೆ ಬಿದ್ದಿರುತ್ತೆ. ಆದರೆ ಅದರೊಳಗೆ ಒಂದು ಗೆಡ್ಡೆ ಇದೆ ಅಂತ ಸಿನಿಮಾದವರು ಹೇಳಿರುವುದಿಲ್ಲ. ತಾಯಿಗೆಡ್ಡೆಗೆ ಮಕುವಾ ಅಂತಾರೆ, ಹೆತ್ತವರಿಗೂ ಅದೇ ಮಾತು. ನಮ್ಮಲ್ಲೂ ಬಾಳೆಯ ಬುಡದಲ್ಲಿ ಬರುವ ಮರಿಗೆ ಕಂದು ಅಂತೀವಿ. ಹಾಗಾಗಿ ನಮಗೆ ಇದು ತೀರಾ ಹೊಸ ಯೋಚನೆ ಏನಲ್ಲ.

ಇನ್ನೊಂದು ಪದ, ಆಯ್. ಉಣ್ಣುವುದು ಅಂತಲೂ ಅರ್ಥ, ಊಟ ಅಂತಲೂ ಅರ್ಥ. ಊಟ ಅಂದರೆ ಮುಖ್ಯವಾಗಿ ಕಲೋ, ಅದರಲ್ಲೂ ಪೊಯಿ. ಮೀನು, ಮಾಂಸ ಎಲ್ಲ ಅದರ ಜೊತೆಗೆ ನಂಜಿಕೊಳ್ಳಲು. ಹಳೇ ಮೈಸೂರು ಕಡೆ ಹಿಟ್ಟು ಅಂದರೆ ಮುದ್ದೆ, ಮಿಕ್ಕಿದ್ದೆಲ್ಲ ಅದಕ್ಕೆ ಸಾರು ಅನ್ನುವ ಹಾಗೆ. ಆ ಆಯ್ ಇಂದಲೇ ಆಯ್ನಾ, ಅಂದರೆ ಭೂಮಿ. ಉಣ್ಣಿಸುವಂಥದ್ದು ಅಂತ ಅರ್ಥ ಹೇಳುತ್ತಾರೆ.

ಪೊಯಿ ಮಾಡುವ ರೀತಿ ಸ್ವಲ್ಪ ವಿವರವಾಗಿ ಹೇಳಬೇಕು. ಗೆಡ್ಡೆಯನ್ನು ಮೊದಲು ನೆಲದೊಳಗಿನ ಒಲೆಯಲ್ಲಿ, ಕಾದ ಕಲ್ಲುಗಳ ಹಬೆಯಲ್ಲಿ, ಚೆನ್ನಾಗಿ ಬೇಯಿಸಬೇಕು. ಕೆಸುವಿನಲ್ಲಿ ಸೂಜಿಯಂಥ ಸಣ್ಣ ಹರಳುಗಳಿರುತ್ತವೆ, ಕ್ಯಾಲ್ಸಿಯಂ ಆಕ್ಸಲೇಟ್. ನಾಲಿಗೆ ತುರಿಸುವುದು ಅದರಿಂದಲೇ. ನಾವು ಹುಳಿ ಹಾಕಿ ಅದನ್ನು ಪಳಗಿಸುತ್ತೇವೆ, ಅವರು ಬೆಂಕಿಯಿಂದ. ಬೆಂದ ಮೇಲೆ ಸಿಪ್ಪೆ ತೆಗೆದು, ದೋಣಿಯ ಹಾಗೆ ತಗ್ಗು ಮಾಡಿದ ಮರದ ಹಲಗೆಯ ಮೇಲೆ ಹಾಕಿ, ಕಲ್ಲಿನ ಗುಂಡಿನಿಂದ ಕುಟ್ಟುತ್ತಾರೆ. ಎದುರುಬದುರು ಇಬ್ಬರು ಕೂತು ಕುಟ್ಟುವುದೂ ಉಂಟು. ನೀರು ಸೇರಿಸದೆ ಕುಟ್ಟಿದ ಗಟ್ಟಿ ಮುದ್ದೆಗೆ ಪಈ ಆಯ್ ಅಂತ ಹೆಸರು. ಎಲೆಯಲ್ಲಿ ಸುತ್ತಿಟ್ಟರೆ ವಾರಗಟ್ಟಲೆ ಇರುತ್ತೆ, ದೋಣಿಯ ಪ್ರಯಾಣಕ್ಕೂ ಒಯ್ಯಬಹುದು. ಬೇಕಾದಾಗ ನೀರು ಸೇರಿಸಿ ನಾದಿದರೆ ಅದೇ ಪೊಯಿ. ನೇರಳೆ ಬೆರೆತ ಬೂದು ಬಣ್ಣ. ಒಂದೆರಡು ದಿನ ಇಟ್ಟರೆ ಹುಳಿ ಬರುತ್ತೆ, ಹುಳಿ ಬಂದದ್ದೇ ಇಷ್ಟ ಅನ್ನುವವರೂ ಇದ್ದಾರೆ. ನಮ್ಮ ದೋಸೆ ಹಿಟ್ಟಿನ ಜಗಳ ಇದ್ದ ಹಾಗೆ. ಒಂದು ಬೆರಳಿನಲ್ಲಿ ಎತ್ತಿದರೆ ಬರುವಷ್ಟು ಗಟ್ಟಿಯೋ, ಎರಡು ಬೆರಳು ಬೇಕೋ, ಮೂರು ಬೇಕೋ ಅನ್ನುವುದರ ಮೇಲೆ ಪೊಯಿಯ ಹದ ಹೇಳುತ್ತಾರೆ.

ಬಟ್ಟಲು ಎಲ್ಲರಿಗೂ ಸೇರಿ ಒಂದೇ, ನಡುವೆ ಇಡುತ್ತಾರೆ. ಆ ಬಟ್ಟಲಿನ ಮುಚ್ಚಳ ತೆಗೆದ ಮೇಲೆ ಜಗಳ ಆಡುವ ಹಾಗಿಲ್ಲ, ಕೆಟ್ಟ ಮಾತು ಆಡುವ ಹಾಗಿಲ್ಲ. ಯಾಕೆ? ಹಾಲೋವ ಅಲ್ಲಿ ಕೂತಿದ್ದಾನೆ. ಹಿರಿಯಣ್ಣನ ಎದುರು ದನಿ ಎತ್ತುತ್ತೀರಾ? ಮೇರಿ ಕವೇನಾ ಪುಕುಯಿ ಅಂತ ಒಬ್ಬ ದೊಡ್ಡ ಹವಾಯಿ ವಿದ್ವಾಂಸೆ ಇದ್ದರು, 1895ರಲ್ಲಿ ಹುಟ್ಟಿ 1986ರವರೆಗೆ ಬದುಕಿದವರು. ಅಜ್ಜಿಯ ಮಡಿಲಲ್ಲಿ ಕಲಿತ ಇಂಥ ನಡವಳಿಕೆಗಳನ್ನೆಲ್ಲ ಬರೆದಿಟ್ಟು ಹೋದರು, ಹವಾಯಿ ಭಾಷೆಯ ನಿಘಂಟನ್ನೂ ಕಟ್ಟಿದರು. ಅವರಂಥವರು ಬರೆದಿಡದಿದ್ದರೆ ಇವತ್ತು ಈ ಮಾತು ಹೇಳಲು ನಮ್ಮ ಕೈಯಲ್ಲಿ ಹೆಚ್ಚೇನೂ ಇರುತ್ತಿರಲಿಲ್ಲ.

ಹಾಗಂತ ಹಳೆಯ ಹವಾಯಿ ಸ್ವರ್ಗ ಆಗಿತ್ತು ಅಂತ ನಾನು ಹೇಳುವುದಿಲ್ಲ. ಅಲ್ಲಿ ಅರಸರಿದ್ದರು, ಅವರಿಗೆ ಬೆಳೆಯ ಪಾಲು ಒಪ್ಪಿಸಬೇಕಿತ್ತು. ಕಾಪು ಅನ್ನುವ ಕಟ್ಟುಕಟ್ಟಳೆ ಇತ್ತು, ಮುರಿದರೆ ಜೀವವೇ ಹೋಗಬಹುದಿತ್ತು. ಗಂಡಸರು ಹೆಂಗಸರು ಒಟ್ಟಿಗೆ ಕೂತು ಉಣ್ಣುವಂತಿರಲಿಲ್ಲ. ಹೆಂಗಸರಿಗೆ ಹಂದಿ ಮಾಂಸ ಇಲ್ಲ, ತೆಂಗು ಇಲ್ಲ, ಬಹುತೇಕ ಬಾಳೆಯೂ ಇಲ್ಲ. ಕಲೋ ಮಾತ್ರ ಇಬ್ಬರಿಗೂ ಇತ್ತು, ಆದರೆ ಬೇಯಿಸುವ ಒಲೆ ಬೇರೆ ಬೇರೆ. ಬೇಯಿಸುವುದು, ಕುಟ್ಟುವುದು ಗಂಡಸರ ಕೆಲಸ. (ಇದನ್ನು ಕೇಳಿ ನಮ್ಮ ಮನೆಯಲ್ಲಿ ಒಬ್ಬರು, ಸಂಪ್ರದಾಯದಲ್ಲಿ ಒಳ್ಳೆಯದೂ ಇರುತ್ತೆ ನೋಡಿ ಅಂದರು.) 1819ರಲ್ಲಿ ಯುವ ಅರಸ ಲಿಹೋಲಿಹೋ, ಅಂದರೆ ಎರಡನೆಯ ಕಮೇಹಮೇಹಾ, ಎಲ್ಲರೆದುರು ಹೆಂಗಸರ ಪಂಕ್ತಿಯಲ್ಲಿ ಹೋಗಿ ಕೂತು ಉಂಡ. ಅದರ ಹಿಂದೆ ರಾಣಿ ಕಅಹುಮಾನು ಇದ್ದಳು. ಅವತ್ತಿಗೆ ಆ ಕಟ್ಟಳೆ ಮುರಿಯಿತು. ಒಂದು ಊಟದಿಂದ ಒಂದು ನಾಡಿನ ಧರ್ಮವ್ಯವಸ್ಥೆ ಕುಸಿದದ್ದು ಇತಿಹಾಸದಲ್ಲಿ ಅಪರೂಪ. ಅಚ್ಚರಿ ಏನೆಂದರೆ ಕಾಪು ಹೋಯಿತು, ಹಾಲೋವನ ನಂಟು ಹೋಗಲಿಲ್ಲ. ಅದನ್ನು ಯಾವ ಅರಸನೂ ಹೊರಡಿಸಿರಲಿಲ್ಲ, ಹಾಗಾಗಿ ಯಾವ ಅರಸನೂ ರದ್ದು ಮಾಡಲಾಗಲಿಲ್ಲ ಅಂತ ನನಗೆ ಅನ್ನಿಸುತ್ತೆ.

ಈಗ ಗದ್ದೆಗೆ ಬರೋಣ. ಕಲೋ ಹವಾಯಿಯಲ್ಲಿ ತಾನಾಗಿ ಹುಟ್ಟಿದ ಗಿಡ ಅಲ್ಲ. ಸುಮಾರು ಸಾವಿರ ವರ್ಷಗಳ ಹಿಂದೆ ದಕ್ಷಿಣ ಪೆಸಿಫಿಕ್ಕಿನ ದ್ವೀಪಗಳಿಂದ ಪಾಲಿನೇಷ್ಯದ ನಾವಿಕರು ಜೋಡಿ ದೋಣಿಗಳಲ್ಲಿ ಬಂದಾಗ ಬಾಳೆ, ತೆಂಗು, ಕಬ್ಬು, ಹಲಸಿನ ಜಾತಿಯ ಬ್ರೆಡ್‌ಫ್ರೂಟ್ ಇವುಗಳ ಜೊತೆ ಅದನ್ನೂ ತಂದರು. ಮೂಲ ಹುಡುಕುತ್ತಾ ಹೋದರೆ ನಮ್ಮ ಕಡೆಗೇ ಬರಬೇಕು, ಭಾರತದಿಂದ ಆಗ್ನೇಯ ಏಷ್ಯಾದವರೆಗಿನ ತೇವದ ನಾಡುಗಳಿಗೆ. ನಮ್ಮಲ್ಲಿ ಬಚ್ಚಲ ನೀರು ಹರಿಯುವ ಜಾಗದಲ್ಲಿ ಬೆಳೆಯುವ ಗಿಡಕ್ಕೆ ಅಲ್ಲಿ ಬೆಟ್ಟದ ತೊರೆಯನ್ನೇ ತಿರುಗಿಸಿಕೊಟ್ಟರು.

ಕಣಿವೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಲ್ಲುಕಟ್ಟೆ ಕಟ್ಟಿದ ಗದ್ದೆಗಳು, ಅವಕ್ಕೆ ಲೊಈ ಅಂತ ಹೆಸರು. ತೊರೆಯಿಂದ ಕಾಲುವೆ ತೆಗೆದು, ನೀರು ಮೇಲಿನ ಗದ್ದೆಯಿಂದ ಕೆಳಗಿನ ಗದ್ದೆಗೆ ಹರಿದು, ಕೊನೆಗೆ ಮತ್ತೆ ತೊರೆಗೇ ಸೇರಬೇಕು. ನೀರನ್ನು ಬಳಸಿಕೊಳ್ಳಬಹುದು, ಇಟ್ಟುಕೊಳ್ಳುವ ಹಾಗಿಲ್ಲ. ಯಾರಿಗೆ ಎಷ್ಟು ಹೊತ್ತು ನೀರು ಅಂತ ನೋಡಿಕೊಳ್ಳಲು ಕೊನೊಹಿಕಿ ಅನ್ನುವ ಅಧಿಕಾರಿ ಇದ್ದ. ಕಾಲುವೆ ತೋಡುವ ಕೆಲಸಕ್ಕೆ ಬಂದವರಿಗೆ, ಬಂದಷ್ಟು ಆಳಿನ ಲೆಕ್ಕದಲ್ಲಿ ನೀರಿನ ಪಾಲು. ವೈ ಅಂದರೆ ನೀರು. ಅದನ್ನೇ ಎರಡು ಸಲ ಹೇಳಿ, ವೈವೈ, ಸಂಪತ್ತು ಅಂತ ಅರ್ಥ.

ಇದು ಯಾಕೆ ಮುಖ್ಯ ಅಂದರೆ ಗದ್ದೆಯ ಕಲೋಗೆ ಬರೀ ನೀರು ಸಾಲದು, ತಣ್ಣಗೆ ಹರಿಯುವ ನೀರು ಬೇಕು. ನೀರು ನಿಂತು ಬಿಸಿಯಾಯಿತೋ, ಗೆಡ್ಡೆ ಮಣ್ಣಿನೊಳಗೇ ಕೊಳೆಯುತ್ತೆ. ಸುಮಾರು ಒಂದು ವರ್ಷ ಕಾದು ಬೆಳೆದ ಗೆಡ್ಡೆ. ಹಾಗಾಗಿ ಮೇಲಿನಿಂದ ತೊರೆಯನ್ನು ಪೂರ್ತಿ ಒಣಗಿಸಬೇಕಾಗಿಲ್ಲ, ಹರಿವು ತೆಳುವಾದರೆ ಸಾಕು, ಅಣ್ಣ ಸತ್ತ ಹಾಗೆ. ಈ ಮಾತು ನೆನಪಿಟ್ಟುಕೊಳ್ಳಿ.

1778ರಲ್ಲಿ ಕ್ಯಾಪ್ಟನ್ ಜೇಮ್ಸ್ ಕುಕ್ ಬಂದ. ಅವನ ಹಿಂದೆ ಹಡಗುಗಳು, ಹಡಗುಗಳ ಜೊತೆ ರೋಗಗಳು. ಆಗ ಎಷ್ಟು ಜನ ಇದ್ದರು ಅನ್ನುವುದರಲ್ಲಿ ವಿದ್ವಾಂಸರ ನಡುವೆ ಜಗಳ ಇದೆ, ಲಕ್ಷಗಳಲ್ಲಿ ಇದ್ದರು ಅನ್ನುವುದರಲ್ಲಿ ಇಲ್ಲ. 1890ರ ಗಣತಿಗೆ ಬಂದರೆ ಮಿಶ್ರ ರಕ್ತದವರನ್ನೂ ಸೇರಿಸಿ ಸುಮಾರು 40,000. ಕುಟ್ಟುವ ಕೈಗಳೇ ಇಲ್ಲದ ಮೇಲೆ ಗದ್ದೆ ಏನಾಗುತ್ತೆ, ಹೇಳಿ.

ಅದರ ನಡುವೆ 1848ರಲ್ಲಿ ಮಾಹೇಲೆ ಅನ್ನುವ ಭೂಹಂಚಿಕೆ ನಡೆಯಿತು. ಅಲ್ಲಿಯವರೆಗೆ ಭೂಮಿಗೆ ಮಾಲೀಕ ಅಂತ ಇರಲಿಲ್ಲ, ಉಳುವ ಹಕ್ಕು, ಉಣ್ಣುವ ಹಕ್ಕು, ಒಪ್ಪಿಸುವ ಪಾಲು ಇಷ್ಟೇ ಇತ್ತು. ಈಗ ಅರಸನಿಗೆ ಇಷ್ಟು, ನಾಯಕರಿಗೆ ಇಷ್ಟು, ಸರ್ಕಾರಕ್ಕೆ ಇಷ್ಟು ಅಂತ ಪಾಲಾಯಿತು. ಸಾಮಾನ್ಯ ರೈತರಿಗಾಗಿ 1850ರಲ್ಲಿ ಒಂದು ಕಾಯಿದೆ ಬಂತು, ಅದರ ಹೆಸರು ಕುಲಿಯಾನಾ ಕಾಯಿದೆ. ಕುಲಿಯಾನಾ ಅನ್ನುವುದು ಚೆಂದದ ಪದ. ಹಕ್ಕು ಅಂತಲೂ ಅರ್ಥ, ಹೊಣೆ ಅಂತಲೂ ಅರ್ಥ, ಎರಡನ್ನೂ ಬಿಡಿಸಿ ಹೇಳಲು ಬರುವುದಿಲ್ಲ. ಕಾಯಿದೆ ಆ ಪದವನ್ನು ತಗೊಂಡು ಬರೀ ಪಟ್ಟಾ ಮಾಡಿತು. ಅರ್ಜಿ ಹಾಕಬೇಕು, ಸಾಕ್ಷಿ ತರಬೇಕು, ಅಳತೆ ಮಾಡಿಸಬೇಕು, ಹಣ ಕಟ್ಟಬೇಕು. ಅಣ್ಣನ ಗದ್ದೆಗೆ ಅರ್ಜಿ ಯಾಕೆ ಅಂತ ಸುಮ್ಮನಿದ್ದವರು ಎಷ್ಟೋ ಜನ. ಕೊನೆಗೆ ಸಾಮಾನ್ಯರ ಕೈಗೆ ಸಿಕ್ಕಿದ್ದು ಸುಮಾರು 28,000 ಎಕರೆ, ಇಡೀ ನಾಡಿನ ಭೂಮಿಯಲ್ಲಿ ಶೇ. 1ಕ್ಕಿಂತ ಕಡಿಮೆ. ಅದೇ 1850ರಲ್ಲಿ ವಿದೇಶಿಯರೂ ಭೂಮಿ ಕೊಳ್ಳಬಹುದು ಅಂತ ಕಾನೂನಾಯಿತು. ಆ ಕಾಲದ ಸಾಕ್ಷಿ ಕಾಗದಗಳು ಈಗಲೂ ಉಳಿದಿವೆ. ಅದರಲ್ಲಿ ಜನ ತಮ್ಮ ಆಸ್ತಿಯನ್ನು ಎಣಿಸಿರುವುದು ಹೇಗೆ ಗೊತ್ತಾ? ಇಷ್ಟು ಲೊಈ, ಒಂದು ಮನೆ ಜಾಗ. ಕೆಸುವಿನ ಗದ್ದೆಯೇ ಅಳತೆಗೋಲು.

ಆಮೇಲೆ ಸಕ್ಕರೆ ಬಂತು. 1875ರಲ್ಲಿ ಅಮೆರಿಕದ ಜೊತೆ ಒಪ್ಪಂದ ಆಗಿ, ಹವಾಯಿಯ ಸಕ್ಕರೆಗೆ ಸುಂಕ ಇಲ್ಲ ಅಂತಾಯಿತು. ಕಬ್ಬನ್ನು ತಂದವರೂ ಆ ಹಳೆಯ ನಾವಿಕರೇ, ಆದರೆ ಅವರು ಅದನ್ನು ಗದ್ದೆಯ ಬದುವಿನಲ್ಲಿ ನಾಲ್ಕು ಜಲ್ಲೆ ಬೆಳೆಯುತ್ತಿದ್ದರು. ಈಗ ಬಂದದ್ದು ತೋಟ ಅಲ್ಲ, ಕಾರ್ಖಾನೆ. ಕಬ್ಬು ಬೆಳೆಯಲು ಚೆನ್ನಾದ ಬಯಲು ಇದ್ದದ್ದು ಮಳೆ ಕಡಿಮೆ ಇರುವ ಕಡೆ. ನೀರು ಇದ್ದದ್ದು ಬೆಟ್ಟದ ಆಚೆ, ಕಲೋ ಕಣಿವೆಗಳಲ್ಲಿ. ಸರಿ, ಬೆಟ್ಟ ಕೊರೆದರು. ಮಾವಿ ದ್ವೀಪದಲ್ಲಿ 1876ರಿಂದ 1878ರ ನಡುವೆ ಹಾಮಾಕುವಾ ಕಾಲುವೆ, ಆಮೇಲೆ ಒಂದರ ಹಿಂದೆ ಒಂದು. ಓಆಹು ದ್ವೀಪದಲ್ಲಿ 1913ರಿಂದ 1916ರವರೆಗೆ ವೈಆಹೋಲೆ ಸುರಂಗ, ದಿನಕ್ಕೆ ಸುಮಾರು 2.7 ಕೋಟಿ ಗ್ಯಾಲನ್ ನೀರು ಬೆಟ್ಟದ ಈ ಬದಿಯಿಂದ ಆ ಬದಿಗೆ. ನೀರು ಮತ್ತೆ ತೊರೆಗೆ ಬರಬೇಕು ಅನ್ನುವ ಹಳೆಯ ನಿಯಮಕ್ಕೆ ಇಲ್ಲಿ ಜಾಗವೇ ಇರಲಿಲ್ಲ. ಕೆಳಗಿನ ಕಣಿವೆಗಳಲ್ಲಿ ಗದ್ದೆ ಒಣಗಿದವು, ಮಕ್ಕಳು ಪಟ್ಟಣಕ್ಕೆ ಹೋದರು.

ಸಕ್ಕರೆಯ ಹಣ ರಾಜಕೀಯವನ್ನೂ ನುಂಗಿತು. 1893ರ ಜನವರಿಯಲ್ಲಿ ರಾಣಿ ಲಿಲಿಉಒಕಲಾನಿಯನ್ನು ಪದಚ್ಯುತಿ ಮಾಡಿದರು. 1895ರಲ್ಲಿ ಅವಳದೇ ಅರಮನೆಯ ಕೋಣೆಯಲ್ಲಿ ಕೂಡಿಹಾಕಿದರು. ಆ ಸೆರೆಯಲ್ಲಿ ಕೂತು ಆಕೆ ಶುರುಮಾಡಿದ ಕೆಲಸಗಳಲ್ಲಿ ಒಂದು ಕುಮುಲಿಪೋ ಅನ್ನುವ ಸೃಷ್ಟಿಗೀತೆಯ ಇಂಗ್ಲಿಷ್ ಅನುವಾದ. ಎರಡು ಸಾವಿರಕ್ಕೂ ಹೆಚ್ಚು ಸಾಲುಗಳ ವಂಶಾವಳಿ ಅದು, ಕತ್ತಲೆಯಿಂದ ಶುರುವಾಗಿ, ಹುಳು ಮೀನು ಹಕ್ಕಿಗಳನ್ನು ದಾಟಿ, ವಾಕೇಯ ಹಾಲೋವರ ಹೆಸರಿಗೆ ಬರುತ್ತೆ. 1897ರಲ್ಲಿ ಅದು ಅಚ್ಚಾಯಿತು. ರಾಜ್ಯ ಕಳೆದುಕೊಂಡ ರಾಣಿ ವಂಶಾವಳಿ ಬಿಡಿಸುತ್ತಾ ಕೂತದ್ದು ಯಾಕೆ ಅಂತ ಮೊದಲ ಸಲ ಓದಿದಾಗ ನನಗೆ ಅರ್ಥ ಆಗಿರಲಿಲ್ಲ. ಈ ನೆಲಕ್ಕೂ ತನಗೂ ಇರುವ ನಂಟಿನ ದಾಖಲೆ ಅದು. ಅವಳ ಎದುರಾಳಿಗಳ ಕೈಯಲ್ಲಿ ಪಟ್ಟಾ ಇತ್ತು, ಅವಳ ಕೈಯಲ್ಲಿ ಇದು. 1898ರಲ್ಲಿ ಹವಾಯಿ ಅಮೆರಿಕಕ್ಕೆ ಸೇರಿತು, 1959ರಲ್ಲಿ ಅದರ ರಾಜ್ಯವಾಯಿತು.

ನೂರಾರು ತಳಿಗಳಿಗೆ ಹೆಸರಿದ್ದ ನಾಡು ಅದು. ಅರಸರ ಕೆಂಪು ಕಲೋ, ಕರಿದಂಟಿನ ಕಲೋ, ಪಟ್ಟೆಪಟ್ಟೆ ಎಲೆಯ ಕಲೋ. 1939ರಲ್ಲಿ ಕೃಷಿ ವಿಜ್ಞಾನಿಗಳು ಒಂದು ಬುಲೆಟಿನ್ ಬರೆಯುವ ಹೊತ್ತಿಗೆ ವಿವರಿಸಲು ಸಿಕ್ಕವು ಎಂಬತ್ತರಷ್ಟು. ಇವತ್ತು ಇಡೀ ಹವಾಯಿಯಲ್ಲಿ ಕಲೋ ಬೆಳೆಯುವುದು ಕೆಲವೇ ನೂರು ಎಕರೆಯಲ್ಲಿ, ಅದರಲ್ಲಿ ದೊಡ್ಡ ಪಾಲು ಕವಾಯಿ ದ್ವೀಪದ ಹನಲೇಯಿ ಕಣಿವೆಯಲ್ಲಿ. ಜನ ಉಣ್ಣುವುದು ಹಡಗಿನಲ್ಲಿ ಬಂದ ಅಕ್ಕಿ, ಡಬ್ಬಿಯ ಮಾಂಸ. ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆ ಮೂಲನಿವಾಸಿಗಳಲ್ಲಿ ಹೆಚ್ಚು. 1991ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 20 ಜನ 21 ದಿನ ಹಳೆಯ ಊಟ ಮಾಡಿದರು, ಕಲೋ, ಗೆಣಸು, ಸೊಪ್ಪು, ಮೀನು, ಹೊಟ್ಟೆ ತುಂಬಾ. ಸರಾಸರಿ 7.8 ಕಿಲೋ ತೂಕ ಇಳಿಯಿತು. ಅಣ್ಣ ತಮ್ಮನನ್ನು ನೋಡಿಕೊಳ್ಳುತ್ತಾನೆ ಅಂದರೆ ಹೀಗೂ ಅರ್ಥ ಮಾಡಿಕೊಳ್ಳಬಹುದು.

ತಿರುವು ಬಂದದ್ದು 1970ರ ದಶಕದಲ್ಲಿ. 1973ರಲ್ಲಿ ಎರಡು ಸಕ್ಕರೆ ಜಮೀನುದಾರರು ಒಂದು ನದಿಯ ನೀರು ಯಾರದ್ದು ಅಂತ ತಮ್ಮತಮ್ಮಲ್ಲೇ ಜಗಳ ಆಡಿಕೊಂಡು ಕೋರ್ಟಿಗೆ ಹೋದರು. ಹವಾಯಿ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ಆಗ ವಿಲಿಯಂ ರಿಚರ್ಡ್‌ಸನ್, ಹವಾಯಿ ಮೂಲದವರೇ. ಆ ಕೋರ್ಟು ಹೇಳಿದ್ದು, ನೀರು ಇಬ್ಬರದ್ದೂ ಅಲ್ಲ, ಜನರ ಪರವಾಗಿ ರಾಜ್ಯದ್ದು. ಬೆಕ್ಕುಗಳ ಜಗಳದಲ್ಲಿ ಬೆಣ್ಣೆ ಮನೆಯವರಿಗೇ ವಾಪಸ್ ಬಂದ ಹಾಗೆ. 1978ರಲ್ಲಿ ಸಂವಿಧಾನ ತಿದ್ದಿ ನೀರಿನ ರಕ್ಷಣೆಯನ್ನೂ ಮೂಲನಿವಾಸಿಗಳ ಹಳೆಯ ಹಕ್ಕುಗಳನ್ನೂ ಸೇರಿಸಿದರು. 1990ರ ದಶಕದಲ್ಲಿ ವೈಆಹೋಲೆಯ ಸಕ್ಕರೆ ಕಂಪನಿ ಮುಚ್ಚಿದಾಗ, ಆ ಸುರಂಗದ ನೀರು ಇನ್ನು ಗಾಲ್ಫ್ ಮೈದಾನಕ್ಕೋ, ಬಡಾವಣೆಗೋ, ಅಥವಾ ತೊರೆಗೋ ಅಂತ ಪ್ರಶ್ನೆ ಬಂತು. ಕಲೋ ರೈತರು ಕಚ್ಚಿ ಹಿಡಿದು ನಿಂತರು. 2000ದಲ್ಲಿ ಕೋರ್ಟು, ನೀರು ಸಾರ್ವಜನಿಕ ನಂಬಿಕೆಯ ಆಸ್ತಿ ಅಂತ ಗಟ್ಟಿಯಾಗಿ ಬರೆಯಿತು. ಒಂದಿಷ್ಟು ನೀರು ತೊರೆಗೆ ಮರಳಿತು. ಮಾವಿಯ ಕೊನೆಯ ಸಕ್ಕರೆ ತೋಟ 2016ರಲ್ಲಿ ಮುಚ್ಚಿತು, 2018ರಲ್ಲಿ ನೀರಿನ ಆಯೋಗ ಪೂರ್ವ ಮಾವಿಯ ಕಲೋ ತೊರೆಗಳಿಗೆ ಪೂರ್ತಿ ಹರಿವು ಬಿಡಲು ಆದೇಶ ಮಾಡಿತು. ಮೊದಲ ಕಾಲುವೆಯಿಂದ ಲೆಕ್ಕ ಹಾಕಿದರೆ 140 ವರ್ಷ.

ಪೇಟೆಂಟಿನ ಜಗಳಕ್ಕೆ ಬರ್ತೀನಿ. ನನ್ನ ಮಟ್ಟಿಗೆ ಇಡೀ ಕಥೆಯ ಜೀವ ಇಲ್ಲಿದೆ.

ಕೆಸುವಿಗೆ ಎಲೆ ಅಂಗಮಾರಿ ಅಂತ ಒಂದು ರೋಗ ಬರುತ್ತೆ. 1993ರಲ್ಲಿ ಅದು ಸಮೋವಾ ದ್ವೀಪಗಳ ಕೆಸುವನ್ನು ಹೆಚ್ಚುಕಮ್ಮಿ ಪೂರ್ತಿ ನುಂಗಿತ್ತು. ಹವಾಯಿ ವಿಶ್ವವಿದ್ಯಾಲಯದ ಒಬ್ಬ ಸಸ್ಯರೋಗ ವಿಜ್ಞಾನಿ ಮಾವಿ ಲೇಹುವಾ ಅನ್ನುವ ಹವಾಯಿ ತಳಿಯನ್ನು ಪಲಾವ್ ದ್ವೀಪದ ರೋಗ ತಡೆಯುವ ತಳಿಯ ಜೊತೆ ಸೇರಿಸಿ ಮೂರು ಹೊಸ ತಳಿ ತೆಗೆದರು. ಒಳ್ಳೆಯ ಕೆಲಸವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ 2002ರಲ್ಲಿ ವಿಶ್ವವಿದ್ಯಾಲಯ ಆ ಮೂರಕ್ಕೂ ಪೇಟೆಂಟ್ ತಗೊಂಡಿತು. ನಾಟಿ ಮಾಡಬೇಕಾದರೆ ಒಪ್ಪಂದಕ್ಕೆ ಸಹಿ, ಮಾರಿದ್ದರಲ್ಲಿ ಶುಲ್ಕ.

ರೈತರಿಗೆ ಇದು ಗೊತ್ತಾಗುತ್ತಾ ಹೋದಂತೆ ಸಿಟ್ಟು ಬೆಳೆಯಿತು. 2006ರಲ್ಲಿ ಮೊಲೊಕಾಯಿ ದ್ವೀಪದ ವಾಲ್ಟರ್ ರಿಟ್ಟೆ ಮೊದಲಾದವರು ವಿಶ್ವವಿದ್ಯಾಲಯದ ಎದುರು ಬಂದು ನಿಂತರು. ಪಟ್ಟು ಸರಳವಾಗಿತ್ತು. ಹೊಸ ತಳಿಯ ಒಂದು ಪೋಷಕ ಗಿಡ ನಮ್ಮ ಅಜ್ಜಂದಿರು ತಲೆಮಾರುಗಳಿಂದ ಆರಿಸಿ ಉಳಿಸಿಕೊಂಡು ಬಂದದ್ದು. ಅದಕ್ಕಿಂತ ಹೆಚ್ಚಾಗಿ, ಹಾಲೋವ ನಮ್ಮ ಅಣ್ಣ, ಅವನಿಗೆ ಮಾಲೀಕ ಹೇಗೆ ಇರುತ್ತಾನೆ?

ವಿಶ್ವವಿದ್ಯಾಲಯ ಒಂದು ರಾಜಿಗೆ ಬಂತು. ಪೇಟೆಂಟನ್ನು ಹವಾಯಿ ಮೂಲನಿವಾಸಿಗಳ ಒಂದು ಸಂಸ್ಥೆಗೇ ಬರೆದುಕೊಡುತ್ತೇವೆ, ನೀವೇ ಇಟ್ಟುಕೊಳ್ಳಿ ಅಂದಿತು. ಇಲ್ಲಿ ಒಂದು ನಿಮಿಷ ಯೋಚನೆ ಮಾಡಿ. ನಮ್ಮಲ್ಲಿ ಯಾವುದೇ ಸಮುದಾಯಕ್ಕೆ ಹೀಗೆ ಹೇಳಿದ್ದರೆ ಅವತ್ತೇ ಪಟಾಕಿ ಹೊಡೆದು ಮೆರವಣಿಗೆ ಮಾಡುತ್ತಿದ್ದೆವು. ನಾನೂ ಮಾಡುತ್ತಿದ್ದೆ. ಅವರು ಬೇಡ ಅಂದರು. ನಿಮ್ಮ ಹೆಸರಿನಲ್ಲೂ ಬೇಡ, ನಮ್ಮ ಹೆಸರಿನಲ್ಲೂ ಬೇಡ. ಅಣ್ಣನ ಮೇಲೆ ತಮ್ಮನಿಗೂ ಪಟ್ಟಾ ಇರುವುದಿಲ್ಲ. 2006ರ ಜೂನ್‌ನಲ್ಲಿ ವಿಶ್ವವಿದ್ಯಾಲಯ ಮೂರೂ ಪೇಟೆಂಟುಗಳನ್ನು ಕೈಬಿಟ್ಟಿತು. ಈಗ ಅವು ಯಾರದ್ದೂ ಅಲ್ಲ.

ಮಜಾ ಅಂದರೆ ಅದೇ ವಿಶ್ವವಿದ್ಯಾಲಯದ ಮಾನೋವಾ ಕ್ಯಾಂಪಸ್ಸಿನ ಪಕ್ಕದಲ್ಲಿ 1980ರಲ್ಲಿ ವಿದ್ಯಾರ್ಥಿಗಳು ಪೊದೆಯೊಳಗೆ ಮುಚ್ಚಿಹೋಗಿದ್ದ ಒಂದು ಹಳೆಯ ಕಾಲುವೆ ಕಂಡು, ತೋಡಿ, ನೀರು ಹರಿಸಿ ಕಲೋ ಗದ್ದೆ ಮಾಡಿದ್ದರು. ಕಾನೇವೈ ಅಂತ ಅದರ ಹೆಸರು, ಈಗಲೂ ಇದೆ. ಒಂದು ಗೋಡೆಯೊಳಗೆ ಪೇಟೆಂಟು, ಇನ್ನೊಂದು ಬದಿಯಲ್ಲಿ ಕಾಲು ಹೂತುಕೊಂಡು ಕೆಸರು ತುಳಿಯುವ ಮಕ್ಕಳು. ಎಲ್ಲ ಸಂಸ್ಥೆಗಳೂ ಹೀಗೇ ಇರುತ್ತವೇನೋ.

ಕಲೋ ಹವಾಯಿಯ ರಾಜ್ಯಸಸ್ಯ ಆಯಿತು. ಕುಲಾಂತರಿ ಕಲೋವನ್ನು ಹವಾಯಿ ಕೌಂಟಿ 2008ರಲ್ಲಿ, ಮಾವಿ ಕೌಂಟಿ 2009ರಲ್ಲಿ ನಿಷೇಧಿಸಿದವು. ಇಷ್ಟೆಲ್ಲ ಗೌರವ ಸಿಕ್ಕ ಗಿಡವನ್ನು ಹಳೆಯ ರೀತಿಯಲ್ಲಿ ಹಲಗೆ ಮತ್ತು ಕಲ್ಲಿನಲ್ಲಿ ಕುಟ್ಟಿ ಮಾರಲು ಮಾತ್ರ ಆರೋಗ್ಯ ಇಲಾಖೆಯ ಅಡ್ಡಿ ಇತ್ತು, ಮರಕ್ಕೆ ರಂಧ್ರ ಇರುತ್ತೆ, ಕಲ್ಲಿಗೆ ರಂಧ್ರ ಇರುತ್ತೆ ಅಂತ. 2011ರಲ್ಲಿ ಅದಕ್ಕೂ ಒಂದು ಕಾನೂನು ಮಾಡಬೇಕಾಯಿತು. ಸಾವಿರ ವರ್ಷ ಉಂಡ ಊಟಕ್ಕೆ ಪರವಾನಗಿ.

ಕೊನೆಗೆ ನಾಟಿಯ ವಿಷಯ ಹೇಳಿ ಮುಗಿಸ್ತೀನಿ. ಕಲೋಗೆ ಬೀಜ ಬಿತ್ತುವುದಿಲ್ಲ. ಗೆಡ್ಡೆ ಕಿತ್ತ ಮೇಲೆ, ತಲೆಯ ಕಡೆ ಒಂದು ತೆಳು ಬಿಲ್ಲೆಯಷ್ಟು ಗೆಡ್ಡೆ ಬಿಟ್ಟು, ಗೇಣುದ್ದ ದಂಟಿನ ಜೊತೆ ಕತ್ತರಿಸುತ್ತಾರೆ. ಉಳಿದ ಗೆಡ್ಡೆ ಊಟಕ್ಕೆ, ಈ ದಂಟು ಮತ್ತೆ ಮಣ್ಣಿಗೆ. ಅದರ ಹೆಸರು ಹುಲಿ. ನಮ್ಮ ಹುಲಿ ಅಲ್ಲ, ನಮ್ಮ ಹುಳಿಯೂ ಅಲ್ಲ, ಅವರ ಹುಲಿ. ಅಂದರೆ ಇವತ್ತು ಹನಲೇಯಿಯಲ್ಲಿ ಒಬ್ಬ ರೈತ ನೆಡುತ್ತಿರುವ ಹಳೆಯ ತಳಿಯ ಗಿಡ, ಹೊಸದಾಗಿ ಹುಟ್ಟಿದ ಗಿಡ ಅಲ್ಲ. ತಲೆಮಾರಿನಿಂದ ತಲೆಮಾರಿಗೆ ಕತ್ತರಿಸಿ, ನೆಟ್ಟು, ಕತ್ತರಿಸಿ, ನೆಟ್ಟು ಬಂದ ಅದೇ ಗಿಡ. ನೆಡುವವರು ಬದಲಾಗಿದ್ದಾರೆ, ಅಷ್ಟೇ.

ನಮ್ಮಮ್ಮ ಮಲೆನಾಡಿನಿಂದ ಡೊಂಬಿವಲಿಗೆ ಬಂದಾಗ ಒಂದು ಕೆಸುವಿನ ಗೆಡ್ಡೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಿದ್ದರು. ಅದು ಈಗಲೂ ಬಾಲ್ಕನಿಯಲ್ಲಿ ಒಂದು ಪೇಂಟಿನ ಬಕೆಟ್ಟಿನಲ್ಲಿ ಇದೆ. ಈ ಸಂಚಿಕೆಗೆ ಓದಿಕೊಳ್ಳುತ್ತಾ ಮೊನ್ನೆ ಮಣ್ಣು ಕೆದಕಿ ನೋಡಿದೆ, ತಾಯಿಗೆಡ್ಡೆಯ ಸುತ್ತ ಐದು ಮರಿ ಬಂದಿದ್ದವು. ಎರಡನ್ನು ಕೆಳಗಿನ ಮನೆಯ ಮರಾಠಿ ಅಜ್ಜಿಗೆ ಕೊಟ್ಟೆ. ಎಲೆ ಬಂದ ಮೇಲೆ ಅಳೂವಡಿ ಮಾಡಿ ಕಳಿಸ್ತೀನಿ ಅಂದಿದ್ದಾರೆ.

ಮುಂದಿನ ವಾರ ಸಿಗೋಣ. ನಮಸ್ಕಾರ.